ರೆಪ್ಪಿ ಜೋತು ಬಿದ್ದದ ಅಂದ್ರ, ಮೊದ್ಲು ಯಾವಾಗಿಂದ ಅಂತ ಹೇಳ್ರಿ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ತೆಗೆದು ನೋಡಿದ್ರ ಕಣ್ಣಿನ ರೆಪ್ಪಿ ಇಳಿದದ, ಒಂದು ಕಣ್ಣು ಸಣ್ಣದಾಗ್ಯಾದ, ನಿದ್ದಿಗಣ್ಣಿನಂಗ ಕಾಣ್ತದ ಅನ್ನೋವೇ ಜಾಸ್ತಿ, ಅದಕ್ಕ ಈ ಸಂಚಿಕೆಯ ಜಾಗ ಪೂರಾ ಅದಕ್ಕೇ ಕೊಟ್ಟೀನಿ. ನಾವು ಡಾಕ್ಟರ್ ಮಂದಿ ಇದಕ್ಕ ಟೋಸಿಸ್ ಅಂತೀವಿ. ಮ್ಯಾಲಿನ ರೆಪ್ಪಿ ಎತ್ತಿ ಹಿಡಿಯೋಕ ಲಿವೇಟರ್ ಅಂತ ಒಂದು ಸ್ನಾಯು ಅದ, ಅದಕ್ಕ ಮಿದುಳಿನಿಂದ ಮೂರನೇ ನಂಬರಿನ ನರ ಬರ್ತದ, ಪಕ್ಕದಾಗ ಇನ್ನೊಂದು ಸಣ್ಣ ಸ್ನಾಯು ಸಹಾಯಕ್ಕ ಇರ್ತದ. ಸ್ನಾಯು ಕೆಟ್ರೂ ರೆಪ್ಪಿ ಬೀಳ್ತದ, ನರ ಕೆಟ್ರೂ ಬೀಳ್ತದ, ನರ ಹೋಗಿ ಸ್ನಾಯುಗ ಕೂಡೋ ಜಾಗ ಕೆಟ್ರೂ ಬೀಳ್ತದ, ರೆಪ್ಪಿ ಮ್ಯಾಲ ಗಡ್ಡಿ ಬೆಳೆದು ಭಾರ ಆದ್ರೂ ಬೀಳ್ತದ. ನೋಡೋಕ ಎಲ್ಲಾ ಒಂದೇ ಥರ ಕಾಣ್ತಾವ, ಆದ್ರ ಒಂದಕ್ಕ ಕಾಯಬಹುದು, ಒಂದಕ್ಕ ಅರ್ಧ ತಾಸು ಸಹಿತ ಕಾಯಬಾರ್ದು. ಅದಕ್ಕೇ ನಿಮ್ಮ ರೆಪ್ಪಿ ಎಷ್ಟು ಇಳಿದದ ಅನ್ನೋದಕ್ಕಿಂತ ಯಾವಾಗ ಇಳೀತು, ಎಷ್ಟು ಜಲ್ದಿ ಇಳೀತು, ದಿನದಾಗ ಯಾವ ಹೊತ್ತಿಗೆ ಜಾಸ್ತಿ ಅನ್ನೋದನ್ನ ನಾನು ಮೊದ್ಲು ಕೇಳ್ತೀನಿ.

ಪ್ರಶ್ನೆ: ಮೇಡಂ, ನನ್ನ ಮಗಗ ಎರಡು ವರ್ಷ ತುಂಬ್ಯಾವು. ಹುಟ್ಟಿದಾಗಿಂದ ಎಡಗಣ್ಣಿನ ರೆಪ್ಪಿ ಇಳಿದೈತಿ, ಏನರ ನೋಡಬೇಕಾದ್ರ ಗದ್ದ ಮ್ಯಾಲೆತ್ತಿ ನೋಡ್ತಾನ. ನೀ ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದಿ ಅದಕ್ಕ ಹಿಂಗಾಗೈತಿ ಅಂತ ಅತ್ತಿಯವರು ಅಂತಾರ, ದೊಡ್ಡಾವಾದ್ರ ತಾನ ಸರಿ ಹೋಕೈತಿ ಅಂತನೂ ಅವರ ಅಂತಾರ. ಆಪರೇಷನ್ ಅಂದ್ರ ಮನ್ಯಾಗ ಯಾರೂ ಒಪ್ಪವಲ್ರು. ಏನ್ ಮಾಡ್ಲಿ?
ಕುಷ್ಟಗಿ ತಾಲೂಕಿನ ಒಬ್ಬ ತಾಯಿ

ಉತ್ತರ: ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧನೂ ಇಲ್ಲ ತಂಗಿ, ನಿಂದು ಇದ್ರಾಗ ಏನೂ ತಪ್ಪಿಲ್ಲ, ಇದನ್ನ ಅತ್ತಿಯವರಿಗೂ ಓದಿ ಹೇಳು. ಕೂಸು ಹೊಟ್ಟಿಯೊಳಗ ಬೆಳಿಯೋ ಹೊತ್ತಿನ್ಯಾಗ ರೆಪ್ಪಿ ಎತ್ತೋ ಸ್ನಾಯು ಸರಿಯಾಗಿ ತಯಾರಾಗಿರಂಗಿಲ್ಲ, ಸ್ನಾಯು ಇರಬೇಕಾದ ಜಾಗದಾಗ ನಾರು, ಕೊಬ್ಬು ಸೇರಿರ್ತದ, ಹಿಂಗಾಗಿ ಎಳಿಯೋಕ ಶಕ್ತಿ ಇರಂಗಿಲ್ಲ. ಹುಟ್ಟಿನಿಂದ ಬಂದ ಈ ಥರದ್ದು ದೊಡ್ಡಾವಾದ ಮ್ಯಾಲ ತಾನ ಸರಿ ಹೋಗಂಗಿಲ್ಲ. ಎಣ್ಣಿ ಹಚ್ಚೋದು, ದಪ್ಪ ಕಾಡಿಗೆ ತೀಡೋದು, ಇವ್ಯಾವೂ ಕೆಲಸ ಮಾಡಂಗಿಲ್ಲ. ಬರಿ ಹಾಕಿಸ್ತೀವಿ ಅಂತ ಯಾರರ ಅಂದ್ರ ಮಾತ್ರ ಗಟ್ಟಿಯಾಗಿ ಬ್ಯಾಡ ಅನ್ನು, ಕೂಸಿನ ಮಾರಿ ಮ್ಯಾಲ ಬೆಂಕಿ ಇಡೋದು ಯಾವ ರೋಗಕ್ಕೂ ಔಷಧ ಅಲ್ಲ.

ನಿನ್ನ ಪತ್ರದಾಗ ನನಗ ಸಮಾಧಾನ ಆದ ಮಾತು ಅಂದ್ರ ಅವನು ಗದ್ದ ಎತ್ತಿ ನೋಡ್ತಾನ ಅನ್ನೋದು. ರೆಪ್ಪಿ ಕೆಳಗಿನ ಸಂದಿಯಿಂದ ಆ ಕಣ್ಣು ಬಳಸೋಕ ಅವನು ಒದ್ದಾಡ್ಲಿಕತ್ತಾನ ಅಂತ ಅದರ ಅರ್ಥ. ಹಿಂಗ ಗದ್ದ ಎತ್ತತಿದ್ದ ಕೂಸು ಒಮ್ಮೆಲೆ ಬಿಟ್ಟುಬಿಡ್ತು ಅಂದ್ರ ಮನಿ ಮಂದಿ ಖುಷಿ ಪಡ್ತಾರ, ನಾನು ಹೆದರ್ತೀನಿ, ಯಾಕಂದ್ರ ಆ ಕಣ್ಣನ್ನ ಬಿಟ್ಟು ಇನ್ನೊಂದರಾಗೇ ನೋಡೋದು ರೂಢಿ ಆಗಿರಬಹುದು. ಮಕ್ಕಳ ಕಣ್ಣಿನ ಗುಡ್ಡಿ ಎಷ್ಟೇ ಚಲೋ ಇದ್ರೂ ನೋಡೋದನ್ನ ಕಲಿಯೋದು ಮಿದುಳು. ಸುಮಾರು 7-8 ವರ್ಷದ ತನಕ ಆ ಕಲಿಕಿ ಜೋರಾಗಿ ನಡೀತದ, ಆ ಹೊತ್ತಿನ್ಯಾಗ ರೆಪ್ಪಿ ಅಡ್ಡ ಬಂದು ಬೆಳಕು ಹೋಗಲಿಲ್ಲ ಅಂದ್ರ ಕಣ್ಣು ಮಂಕಾಗೇ ಉಳೀತದ, ಆಮ್ಯಾಲ ರೆಪ್ಪಿ ಎತ್ತಿದ್ರೂ ಅಷ್ಟಕ್ಕಷ್ಟೇ. ರೆಪ್ಪಿ ಭಾರದಿಂದ ಕಣ್ಣಿಗೆ ಅಡ್ಡ ನಂಬರು ಬರೋದೂ ಉಂಟು, ಅದಕ್ಕ ಈ ವಯಸ್ಸಿನ್ಯಾಗೇ ಚಾಳೀಸು ಬೇಕಾಗ್ತದ, ಒಮ್ಮೊಮ್ಮೆ ಚಲೋ ಇದ್ದ ಕಣ್ಣಿಗೆ ದಿನಕ್ಕ ಸ್ವಲ್ಪ ಹೊತ್ತು ಪಟ್ಟಿ ಅಂಟಿಸಿ ಮಂಕಾದ ಕಣ್ಣಿಗೆ ಕೆಲಸ ಕೊಡಬೇಕಾಗ್ತದ.

ಆಪರೇಷನ್ ಯಾವಾಗ ಅಂದ್ರ, ರೆಪ್ಪಿ ಕಣ್ಣಿನ ಪಾಪಿ ಮುಚ್ಚಿದ್ರ ತಡ ಮಾಡಬಾರ್ದು, ವರ್ಷದೊಳಗಿನ ಕೂಸಿಗೂ ಮಾಡ್ತಾರ. ಪಾಪಿ ಬಯಲಿಗಿದ್ದು ದೃಷ್ಟಿ ಚಲೋ ಬೆಳಿಯಕತ್ತಿದ್ರ 3 ರಿಂದ 5 ವರ್ಷದ ತನಕ ಕಾದು ಮಾಡೋದು ರೂಢಿ, ಆದ್ರ ನಡು ನಡುವೆ ಚೆಕಪ್ ತಪ್ಪಿಸಬಾರ್ದು. ಸ್ನಾಯುಗ ಸ್ವಲ್ಪ ಶಕ್ತಿ ಇದ್ರ ಅದನ್ನೇ ಗಿಡ್ಡ ಮಾಡಿ ಬಿಗೀತಾರ. ಶಕ್ತಿನೇ ಇಲ್ಲಂದ್ರ ರೆಪ್ಪಿಯನ್ನ ಹಣಿ ಸ್ನಾಯುಗ ಜೋಡಿಸ್ತಾರ, ಅದಕ್ಕ ಸಿಲಿಕಾನ್ ದಾರ ಇಲ್ಲಾ ತೊಡಿಯಿಂದ ತೆಗೆದ ಪಟ್ಟಿ ಬಳಸ್ತಾರ, ಆಮ್ಯಾಲ ಕೂಸು ಹುಬ್ಬು ಏರಿಸಿದ್ರ ರೆಪ್ಪಿ ಏಳ್ತದ. ಈ ಎರಡನೇದು ಮಾಡಿದ ಮ್ಯಾಲ ಮಲಗಿದಾಗ ಕಣ್ಣು ಸ್ವಲ್ಪ ತೆರೆದೇ ಇರ್ತದ, ಒಣಗದಂಗ ರಾತ್ರಿ ಮುಲಾಮು ಹಚ್ಚಬೇಕಾಗ್ತದ, ಇದನ್ನ ಮೊದ್ಲೇ ತಿಳಕೊಂಡಿದ್ರ ಗಾಬರಿ ಆಗಂಗಿಲ್ಲ. ಇನ್ನೊಂದು, ಹಾಲು ಕುಡಿವಾಗ, ರೊಟ್ಟಿ ಜಗಿಯುವಾಗ ಆ ರೆಪ್ಪಿ ಪಟಪಟ ಮ್ಯಾಲ ಹೋಗಿ ಬರ್ತದೇನು ಅಂತ ನೋಡು, ಹಂಗಿದ್ರ ಮೊಬೈಲ್‌ನಾಗ ವಿಡಿಯೋ ಮಾಡ್ಕೊಂಡು ಹೋಗು, ಅದು ಬ್ಯಾರೆ ನಮೂನಿದು, ಆಪರೇಷನ್ ರೀತಿನೂ ಬದಲಾಗ್ತದ. ಮೊದ್ಲು ಅಂಗನವಾಡಿಗೆ ಬರೋ ಮಕ್ಕಳ ತಪಾಸಣಾ ಟೀಮಿಗೆ ತೋರಿಸು, ಕೊಪ್ಪಳ ಜಿಲ್ಲಾ ಆಸ್ಪತ್ರಿಗೆ ಚೀಟಿ ಬರೆದು ಕೊಡ್ತಾರ. ಬಿಪಿಎಲ್ ಕಾರ್ಡು, ಆಧಾರ್ ಹಿಡಕೊಂಡು ಹೋಗಿ ಆಯುಷ್ಮಾನ್ ಕೌಂಟರ್‌ನಾಗ ಖರ್ಚಿನ ವಿಚಾರ ಕೇಳು. ಇದೇ ತಿಂಗಳು ಹೋಗು ತಂಗಿ.

ಪ್ರಶ್ನೆ: ಮೇಡಂ, ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಟೈಲರ್, 34 ವರ್ಷ. ಬೆಳಿಗ್ಗೆ ಕಣ್ಣು ಚೆನ್ನಾಗೇ ಇರ್ತವೆ, ಮಧ್ಯಾಹ್ನ ಊಟ ಆದಮೇಲೆ ಬಲಗಣ್ಣಿನ ರೆಪ್ಪೆ ಇಳಿಯೋಕೆ ಶುರು ಆಗುತ್ತೆ, ಸಂಜೆ ಆಗೋಷ್ಟರಲ್ಲಿ ಸೂಜಿ ಎರಡೆರಡು ಕಾಣುತ್ತೆ, ಬೆರಳಲ್ಲಿ ರೆಪ್ಪೆ ಎತ್ತಿ ಹಿಡ್ಕೊಂಡು ದಾರ ಪೋಣಿಸ್ತೀನಿ. ಕೆಲವು ದಿನ ಎಡಗಣ್ಣೂ ಹಂಗೇ. ಕನ್ನಡಕ ಬದಲಾಯಿಸಿದ್ದೂ ಆಯ್ತು, ನಿದ್ದೆ ಕಮ್ಮಿ, ರಕ್ತ ಕಮ್ಮಿ ಅಂತ ಟಾನಿಕ್ ಕುಡಿದಿದ್ದೂ ಆಯ್ತು. ನಾಟಕ ಮಾಡ್ತೀಯಾ ಅಂತಾರೆ ಯೂನಿಟ್‌ನಲ್ಲಿ.
ಬಳ್ಳಾರಿಯ ಓದುಗರು

ಉತ್ತರ: ನೀವು ನಾಟಕ ಮಾಡ್ಲಿಕತ್ತಿಲ್ಲ ಅಕ್ಕಾ. ಬೆಳಿಗ್ಗೆ ಚಲೋ, ಸಂಜಿಗೆ ಬೀಳೋದು, ಇವತ್ತು ಈ ಕಣ್ಣು ನಾಳೆ ಆ ಕಣ್ಣು, ಜೊತಿಗೆ ಒಂದು ಎರಡಾಗಿ ಕಾಣೋದು, ಇಷ್ಟು ಓದಿದ ಯಾವ ಕಣ್ಣಿನ ಡಾಕ್ಟರಿಗಾದ್ರೂ ಮೊದ್ಲು ನೆನಪಾಗೋದು ಮಯಸ್ತೇನಿಯಾ ಗ್ರಾವಿಸ್. ಪರೀಕ್ಷಾ ಮಾಡದ ಅದೇ ಅಂತ ಹೇಳಂಗಿಲ್ಲ, ಆದ್ರ ಅದಲ್ಲ ಅಂತ ಖಾತ್ರಿ ಆಗೋ ತನಕ ಸುಮ್ನ ಕೂಡಬಾರ್ದು. ಇದ್ರಾಗ ಸ್ನಾಯುನೂ ಚಲೋ ಇರ್ತದ, ನರನೂ ಚಲೋ ಇರ್ತದ, ನರ ಸ್ನಾಯುಗ ಸುದ್ದಿ ಮುಟ್ಟಿಸೋ ಜಾಗಕ್ಕ ರೋಗದ ವಿರುದ್ಧ ಹೋರಾಡಬೇಕಾದ ನಮ್ಮ ದೇಹದ್ದೇ ಪ್ರತಿಕಾಯಗಳು (ಆಂಟಿಬಾಡಿ) ಹೋಗಿ ಅಡ್ಡ ಕೂಡ್ತಾವ. ದುಡಿದಷ್ಟು ಸ್ನಾಯು ಸೋಲ್ತದ, ರೆಸ್ಟ್ ಕೊಟ್ರ ಮತ್ತ ಏಳ್ತದ. ದಿನವಿಡೀ ಬಿಡುವಿಲ್ಲದ ದುಡಿಯೋದು ರೆಪ್ಪಿ ಸ್ನಾಯುನೇ ಅಲ್ಲೇನು, ಅದಕ್ಕ ಬಾಳ ಮಂದಿಗೆ ಅಲ್ಲೇ ಮೊದ್ಲು ಗೊತ್ತಾಗ್ತದ.

ಆಸ್ಪತ್ರಿಗೆ ಹೋಗೋಕ ಮೊದ್ಲು ಒಂದು ಕೆಲಸ ಮಾಡ್ರಿ. ಎದ್ದ ಕೂಡ್ಲೇ ಒಂದು ಸೆಲ್ಫಿ, ಮಧ್ಯಾಹ್ನ ಒಂದು, ರಾತ್ರಿ ಮಲಗೋ ಮುಂದ ಒಂದು, ಹಿಂಗ ಕೆಲವು ದಿನ ತಕ್ಕೊಂಡು ಇಟ್ಕೊಳ್ರಿ, ಯಾಕಂದ್ರ ಓಪಿಡಿ ಇರೋದು ಬೆಳಿಗ್ಗೆ, ಆ ಹೊತ್ತಿಗೆ ನಿಮ್ಮ ಕಣ್ಣು ಚಲೋ ಇರ್ತಾವ, ಏನೂ ಇಲ್ಲ ಹೋಗ್ರಿ ಅಂತ ಕಳಿಸಿಬಿಡೋ ಚಾನ್ಸ್ ಇರ್ತದ. ನಾವು ಮಾಡೋ ಸರಳ ಪರೀಕ್ಷಾ ಎರಡು ಅವ. ಒಂದು, ಒಂದೆರಡು ನಿಮಿಷ ಕಣ್ಣು ಮಿಟುಕಿಸದಂಗ ಮ್ಯಾಲಕ್ಕ ನೋಡ್ರಿ ಅಂತೀವಿ, ರೆಪ್ಪಿ ಮೆಲ್ಲಕ ಇಳಿಯೋದು ಕಣ್ಣೆದುರಿಗೇ ಕಾಣ್ತದ. ಇನ್ನೊಂದು, ಬಟ್ಟಿಯೊಳಗ ಐಸ್ ಕಟ್ಟಿ ಮುಚ್ಚಿದ ರೆಪ್ಪಿ ಮ್ಯಾಲ 2 ನಿಮಿಷ ಇಟ್ಟು ತೆಗೀತೀವಿ, ರೆಪ್ಪಿ 2 ಮಿಲಿಮೀಟರ್ ಆದ್ರೂ ಮ್ಯಾಲ ಬಂದ್ರ ಸಂಶಯ ಗಟ್ಟಿ ಆಗ್ತದ, ತಂಪಿನ್ಯಾಗ ಆ ಸುದ್ದಿ ಮುಟ್ಟಿಸೋ ಕೆಲಸ ಸುಧಾರಿಸ್ತದ. ಆಮ್ಯಾಲ ಪ್ರತಿಕಾಯದ ರಕ್ತ ಪರೀಕ್ಷಾ, ನರಕ್ಕ ಕರೆಂಟ್ ಕೊಟ್ಟು ನೋಡೋ ಟೆಸ್ಟ್, ಥೈರಾಯ್ಡ್, ಎದಿಯ ಸಿಟಿ ಸ್ಕ್ಯಾನ್. ಕಣ್ಣಿಗೆ ಎದಿ ಸ್ಕ್ಯಾನ್ ಯಾಕ ಅಂತ ಮಂದಿ ಜಗಳಾ ತೆಗೀತಾರ, ಎದಿ ಎಲುಬಿನ ಹಿಂದ ಥೈಮಸ್ ಅಂತ ಒಂದು ಗ್ರಂಥಿ ಅದ, ಈ ರೋಗ ಇದ್ದ 100 ಮಂದಿಯೊಳಗ 10-15 ಮಂದಿಗೆ ಅಲ್ಲಿ ಗಡ್ಡಿ ಇರ್ತದ, ಅದನ್ನ ತೆಗೀಬೇಕಾಗ್ತದ. ಕಣ್ಣಿಗಷ್ಟೇ ಇದ್ದಾಗ ರಕ್ತ ಪರೀಕ್ಷಾ ಅರ್ಧದಷ್ಟು ಮಂದಿಯೊಳಗ ನಾರ್ಮಲ್ ಬರ್ತದ, ಹಿಂಗಾಗಿ ರಿಪೋರ್ಟ್ ನಾರ್ಮಲ್ ಅಂತ ಬಿಟ್ಟು ಬರಬ್ಯಾಡ್ರಿ.

ಔಷಧ ಅವ, ಚಲೋ ಔಷಧ ಅವ. ಪಿರಿಡೋಸ್ಟಿಗ್ಮೈನ್ ಗುಳಿಗಿಯಿಂದ ಬಾಳ ಮಂದಿಗೆ ರೆಪ್ಪಿ ಏಳ್ತದ, ಎರಡೆರಡು ಕಾಣೋದು ಅದ್ರಾಗ ಕಮ್ಮಿ ಆಗಲಿಲ್ಲ ಅಂದ್ರ ಸ್ಟೀರಾಯ್ಡ್ ಸೇರಿಸ್ತಾರ, ಅದನ್ನ ಡಾಕ್ಟರ್ ಹೇಳಿದಂಗೇ ಏರಿಸಬೇಕು, ಹೇಳಿದಂಗೇ ಇಳಿಸಬೇಕು. ಮೆಡಿಕಲ್ ಶಾಪಿನ್ಯಾಗ ಕೇಳಿ ಸ್ವಂತಕ್ಕ ತಿನ್ನೋ ಗುಳಿಗಿ ಇನ್ನ ಮ್ಯಾಲ ಬಂದ್. ಅಜಿತ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್, ಅಮಿಕಾಸಿನ್ ಇಂಜೆಕ್ಷನ್, ಮಲೇರಿಯಾದ ಕ್ಲೋರೋಕ್ವಿನ್, ಕೆಲವು ಬಿಪಿ ಗುಳಿಗಿ, ಕಣ್ಣಿಗೆ ಹಾಕೋ ಟಿಮೊಲಾಲ್ ಡ್ರಾಪ್ಸ್, ಇವು ಈ ರೋಗವನ್ನ ಜೋರು ಮಾಡಬಹುದು, ಅದಕ್ಕ ಯಾವ ದವಾಖಾನಿಗೆ ಹೋದ್ರೂ ನನಗ ಹಿಂಗ ಅದ ಅಂತ ಮೊದ್ಲು ಹೇಳ್ರಿ. ಕಣ್ಣಿನ್ಯಾಗ ಶುರುವಾದದ್ದು ಸುಮಾರು ಅರ್ಧ ಮಂದಿಗೆ ಮುಂದ ಮೈಗೂ ಬರ್ತದ, ಬಂದ್ರ ಹೆಚ್ಚಾಗಿ ಮೊದಲ 2 ವರ್ಷದೊಳಗೇ ಬರ್ತದ. ನುಂಗೋಕ ಕಷ್ಟ ಆದ್ರ, ನೀರು ಕುಡಿದ್ರ ಮೂಗಿನ್ಯಾಗ ಬಂದ್ರ, ಮಾತಾಡ್ತಾ ಮಾತಾಡ್ತಾ ದನಿ ಮೂಗಿಂದ ಬಂದಂಗಾದ್ರ, ಮಲಗಿದ್ರ ಉಸಿರು ಸಾಲದಂಗಾದ್ರ ಅವತ್ತೇ ಎಮರ್ಜೆನ್ಸಿಗೆ ಹೋಗ್ರಿ. ಸದ್ಯಕ್ಕ ವಿಮ್ಸ್ ಅಂತ ನಾವೆಲ್ಲಾ ಕರಿಯೋ ನಿಮ್ಮೂರಿನ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದಾಗ ತೋರಿಸ್ರಿ, ನರರೋಗದ ಡಾಕ್ಟರು (ನ್ಯೂರಾಲಜಿ) ಬೇಕು ಅಂದ್ರ ಬೆಂಗಳೂರಿನ ನಿಮ್ಹಾನ್ಸ್ ಅದ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಬೆಳಿಗ್ಗೆ ಅಲ್ಲಿರ್ತೀರಿ.

ಪ್ರಶ್ನೆ: ನಮ್ಮ ಬಾಜು ಹೊಲದ ಹುಡುಗ ಭತ್ತಕ್ಕ ನೀರು ಕಟ್ಟಾಕ ಹೋಗಿ ರಾತ್ರಿ ಗುಡಿಸಲದಾಗ ನೆಲದ ಮ್ಯಾಲೇ ಮಲಗಿದ್ದ. ನಸಿಕಿನ್ಯಾಗ ಹೊಟ್ಟಿ ನೋವು ಅಂತ ಎದ್ದ, ವಾಂತಿ ಮಾಡಿದ, ಆಮ್ಯಾಲ ಎರಡೂ ಕಣ್ಣು ತೆರಿಯಾಕ ಬರವಲ್ದು ಅಂದ, ಮಾತು ತೊದಲಿತು. ಕುಡದಾನ ಅಂದ್ರು ಮಂದಿ. ದವಾಖಾನ್ಯಾಗ ಹಾವು ಕಡದದ ಅಂದ್ರು, ವೆಂಟಿಲೇಟರ್ ಹಾಕಿ ಉಳಿಸಿದ್ರು. ಮೈಮ್ಯಾಲ ಎಲ್ಲೂ ಗುರ್ತೇ ಇದ್ದಿಲ್ಲ. ಕಣ್ಣಿಗೂ ಹಾವಿಗೂ ಏನ್ ಸಂಬಂಧ ಮೇಡಂ?
ಸಿಂಧನೂರು ಕಡಿಯ ರೈತರು

ಉತ್ತರ: ಅಣ್ಣಾರ, ನಮ್ಮ ತುಂಗಭದ್ರಾ ಕಾಲುವಿ ಸೀಮಿಯ ಪ್ರತಿ ಮನ್ಯಾಗ ಓದಬೇಕಾದ ಪ್ರಶ್ನೆ ಇದು. ನೀವು ಬರೆದದ್ದು ಕಟ್ಟುಹಾವು ಕಡಿದಾಗ ಆಗೋದರ ಪಕ್ಕಾ ಚಿತ್ರ. ಕರ್ರಗ ಹೊಳಿಯೋ ಮೈ, ಅದ್ರ ಮ್ಯಾಲ ಸಣ್ಣ ಬಿಳಿ ಪಟ್ಟಿ, ರಾತ್ರಿ ಓಡಾಡ್ತದ, ನೆಲದ ಮ್ಯಾಲ ಮಲಗಿದವರ ಹಾಸಿಗಿಗೆ ಬರ್ತದ. ಹಲ್ಲು ಬಾಳ ಸಣ್ಣವು, ಕಡಿದ್ರ ಸೊಳ್ಳಿ ಕಚ್ಚಿದಷ್ಟೂ ನೋವು ಗೊತ್ತಾಗದೆ ಇರಬಹುದು, ಬಾವು ಇರಂಗಿಲ್ಲ, ಗುರ್ತೂ ಕಾಣದೆ ಹೋಗಬಹುದು. ಆದ್ರ ವಿಷ ನರ ಮತ್ತ ಸ್ನಾಯು ಕೂಡೋ ಜಾಗಕ್ಕ ಹೋಗಿ ಕೆಲಸ ಬಂದ್ ಮಾಡಸ್ತದ. ಮೊದ್ಲು ರೆಪ್ಪಿ ಬೀಳ್ತಾವ, ಆಮ್ಯಾಲ ಒಂದು ಎರಡಾಗಿ ಕಾಣ್ತದ, ಜೊಲ್ಲು ನುಂಗೋಕ ಆಗಂಗಿಲ್ಲ, ಕುತ್ತಿಗಿ ನಿಲ್ಲಂಗಿಲ್ಲ, ಕಡೀಗೆ ಉಸಿರಾಟದ ಸ್ನಾಯು ನಿಲ್ತದ. ನಾಗರಹಾವು ಕಡಿದ್ರೂ ರೆಪ್ಪಿ ಬೀಳ್ತಾವ, ಅಲ್ಲಿ ಕಡಿದ ಜಾಗದಾಗ ನೋವು, ಬಾವು ಇರ್ತದ. ನಮ್ಮ ದಕ್ಷಿಣದ ಕಡಿ ಮಂಡಲ ಹಾವಿನ ವಿಷಕ್ಕೂ ಒಮ್ಮೊಮ್ಮೆ ಹಿಂಗಾಗ್ತದ.

ಅದಕ್ಕ ನೆಲದ ಮ್ಯಾಲ ಮಲಗಿದ್ದ ಮನುಷ್ಯ ಬೆಳಿಗ್ಗೆ ಹೊಟ್ಟಿ ನೋವು, ವಾಂತಿ ಅಂತ ಎದ್ದು, ಎರಡೂ ರೆಪ್ಪಿ ಭಾರ ಆಗ್ಯಾವ ಅಂದ್ರ, ಹಾವು ಕಂಡಿರಲಿ ಬಿಡಲಿ, ಹಾವೇ ಅಂತ ತಿಳ್ಕೊಂಡು 108 ಕ್ಕ ಫೋನ್ ಮಾಡ್ರಿ. ಬಿಗಿಯಾಗಿ ಹಗ್ಗ ಕಟ್ಟೋದು, ಬ್ಲೇಡಿನಿಂದ ಕೊಯ್ಯೋದು, ಬಾಯಿಂದ ಹೀರೋದು, ಮಂತ್ರ ಹಾಕಸೋದು, ಬೇರು ತಿನಸೋದು ಯಾವುದೂ ಬ್ಯಾಡ. ಕೈಕಾಲು ಅಲ್ಲಾಡಸದ, ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು ಸಹಿತ ಹಾಕದ ಒಯ್ಯಿರಿ. ವಿಷಕ್ಕ ಇಂಜೆಕ್ಷನ್ ಸರಕಾರಿ ಆಸ್ಪತ್ರಿಯೊಳಗ ಪುಕ್ಕಟೆ ಕೊಡ್ತಾರ, ಆದ್ರ ಉಸಿರು ಸೋಲೋದ್ರೊಳಗ ವೆಂಟಿಲೇಟರ್ ಇದ್ದ ಕಡಿ ಮುಟ್ಟಬೇಕು, ಕಟ್ಟುಹಾವಿನ ವಿಷ ಒಮ್ಮೆ ನರದ ತುದಿ ಹಿಡೀತು ಅಂದ್ರ ಇಂಜೆಕ್ಷನ್ ಒಂದೇ ಅದನ್ನ ಬಿಡಿಸಂಗಿಲ್ಲ, ಸ್ನಾಯು ತಿರುಗಿ ಏಳೋ ತನಕ ಮಶೀನು ಉಸಿರು ಕೊಡಬೇಕು. ಆ ದಿನಗಳಾಗ ಪೇಷಂಟ್ ಕಣ್ಣು ತೆರಿಯಂಗಿಲ್ಲ, ಬೆರಳು ಅಲ್ಲಾಡಸಂಗಿಲ್ಲ, ಸತ್ತಾನೇನೋ ಅನ್ನಂಗ ಕಾಣ್ತಾನ, ಆದ್ರ ಒಳಗ ಎಚ್ಚರ ಇರಬಹುದು, ನಿಮ್ಮ ಮಾತು ಕೇಳಸ್ತಿರಬಹುದು. ಬದುಕಂಗಿಲ್ಲ ಅಂತ ಹೇಳಿ ಮಶೀನು ತೆಗೆಸಿ ಮನಿಗೆ ಒಯ್ಯಬ್ಯಾಡ್ರಿ, ಅವನ ಕಿವಿಯೊಳಗ ಆರಾಮ ಆಗ್ತೀಯಪ್ಪ ಅಂತ ಹೇಳ್ರಿ. ನಿಮ್ಮ ಬಾಜು ಹುಡುಗನಂಗ ಎದ್ದು ಮನಿಗೆ ನಡ್ಕೊಂಡು ಹೋದವರು ಬಾಳ ಮಂದಿ ಅದಾರ. ಇನ್ನ ಮ್ಯಾಲ ಹೊಲದಾಗ ಮಲಗೋದಾದ್ರ ಹೊರಸಿನ ಮ್ಯಾಲ ಮಲಗ್ರಿ, ಸೊಳ್ಳಿ ಪರದಿ ಕಟ್ಟಿ ಅಂಚು ಹಾಸಿಗಿ ಕೆಳಗ ಒತ್ತರಿ.

ಪ್ರಶ್ನೆ: ನನಗ 58 ವರ್ಷ, ಶುಗರ್ ಅದ. ನಾಕು ದಿನದ ಹಿಂದ ಬಲಗಣ್ಣಿನ ಸುತ್ತ ನೋವು ಬಂತು, ಮರುದಿನ ಏಳೋದ್ರೊಳಗ ರೆಪ್ಪಿ ಪೂರಾ ಮುಚ್ಚಿತ್ತು. ಲಕ್ವಾ ಹೊಡದದ ಅಂತ ಹೇಳಿ ನಾಟಿ ಔಷಧಕ್ಕ ಕರಕೊಂಡು ಹೊಂಟಾರ. ಹೋಗ್ಲೇನು?
ರಾಯಚೂರಿನ ಓದುಗರು

ಉತ್ತರ: ಬ್ಯಾಡ್ರಿ ಸರ್ರ. ನಿಮಗ ಪತ್ರ ಬಂದ ದಿನವೇ ಫೋನಿನ್ಯಾಗ ಹೇಳಿದ್ದನ್ನ ಉಳಿದವರಿಗೋಸ್ಕರ ಇಲ್ಲಿ ಬರಿಯಾಕತ್ತೀನಿ. ಮಾರಿ ಲಕ್ವಾ ಆದ್ರ ಕಣ್ಣು ಮುಚ್ಚೋಕ ಬರಂಗಿಲ್ಲ, ಬಾಯಿ ಒಂದು ಕಡಿ ಸೊಟ್ಟ ಆಗ್ತದ. ನಿಮ್ಮದು ತೆರಿಯೋಕ ಬರಂಗಿಲ್ಲ, ಇದು ಮೂರನೇ ನರದ ತೊಂದ್ರಿ. ಶುಗರ್, ಬಿಪಿಯಿಂದ ಆ ನರಕ್ಕ ರಕ್ತ ಕಮ್ಮಿಯಾಗಿ ಹಿಂಗಾಗೋದು ಬಾಳ, ಅದಾಗಿದ್ರ ಶುಗರ್ ಹಿಡಿತದಾಗ ಇಟ್ರ ಸುಮಾರು 3 ತಿಂಗಳಿನ್ಯಾಗ ತಾನೇ ಸರಿ ಹೋಗ್ತದ. ಆದ್ರ ಮಿದುಳಿನ ರಕ್ತನಾಳ ಬಲೂನಿನಂಗ ಉಬ್ಬಿ ನರವನ್ನ ಒತ್ತಿದ್ರೂ ಹಿಂಗೇ ಆಗ್ತದ, ಅದು ಒಡೆದ್ರ ಜೀವಕ್ಕ ಅಪಾಯ. ಕಣ್ಣಿನ ಪಾಪಿ ದೊಡ್ಡದಾಗಿದ್ರ ಆ ಅನುಮಾನ ಜಾಸ್ತಿ, ಪಾಪಿ ಸರಿ ಇದ್ರ ಕಮ್ಮಿ, ಆದ್ರೂ ಅದನ್ನ ಮನ್ಯಾಗ ಟಾರ್ಚ್ ಹಾಕಿ ತೀರ್ಮಾನ ಮಾಡೋ ವಿಷಯ ಅಲ್ಲ. ಸೀದಾ ನಿಮ್ಮೂರಿನ ರಿಮ್ಸ್ ಆಸ್ಪತ್ರಿ ಎಮರ್ಜೆನ್ಸಿಗೆ ಹೋಗ್ರಿ, ರಕ್ತನಾಳ ಕಾಣೋ ಸ್ಕ್ಯಾನ್ ಬೇಕು ಅಂದ್ರ ಅವತ್ತೇ ಮಾಡಿಸ್ರಿ. ಇದಕ್ಕ ಉಲ್ಟಾ ಇನ್ನೊಂದು ಅದ, ರೆಪ್ಪಿ ಸ್ವಲ್ಪೇ ಇಳಿದಿರ್ತದ, ಪಾಪಿ ಸಣ್ಣದಾಗಿರ್ತದ, ಆ ಕಡಿ ಮಾರಿಗೆ ಬೆವರು ಬರಂಗಿಲ್ಲ. ಬೀಡಿ ಸೇದೋವ್ರಿಗೆ ಹಿಂಗಾದ್ರ ಶ್ವಾಸಕೋಶದ ಮ್ಯಾಲಿನ ತುದಿಯೊಳಗ ಗಡ್ಡಿ ಅದ ಏನು ಅಂತ ನೋಡಬೇಕು, ಕುತ್ತಿಗಿ ನೋವಿನ ಜೊತಿಗೆ ಒಮ್ಮೆಲೆ ಆದ್ರ ಕುತ್ತಿಗಿಯ ರಕ್ತನಾಳ ನೋಡಬೇಕು, ಅದೂ ತಡ ಮಾಡೋದಲ್ಲ.

ಪ್ರಶ್ನೆ: ಅಪ್ಪಗ 72. ಪೊರಿ ಆಪರೇಷನ್ ಆಗಿ ವರ್ಷದ ಮ್ಯಾಲಾತು, ಎರಡೂ ರೆಪ್ಪಿ ಇಳಿದಾವು, ಪೇಪರ್ ಓದಾಕ ಹುಬ್ಬು ಏರಿಸಿ ಏರಿಸಿ ಹಣಿ ನೋಯ್ತೈತಿ ಅಂತಾನ. ಈ ವಯಸ್ಸಿನ್ಯಾಗ ಮತ್ತ ಆಪರೇಷನ್ ಬೇಕನ್ರಿ?
ಗಂಗಾವತಿ

ಉತ್ತರ: ವಯಸ್ಸಾದಂಗ ರೆಪ್ಪಿ ಸ್ನಾಯುವಿನ ಪಟ್ಟಿ ಹಳೇ ಲಂಗದ ಇಲಾಸ್ಟಿಕ್ಕಿನಂಗ ಸಡಿಲ ಆಗ್ತದ, ಸ್ನಾಯು ಗಟ್ಟಿನೇ ಇರ್ತದ. ಪೊರಿ ಆಪರೇಷನ್ ಆದ ಮ್ಯಾಲ ಕೆಲವರಿಗೆ ಇದು ಎದ್ದು ಕಾಣ್ತದ, ಮೊದಲ ಆರು ತಿಂಗಳು ಕಾಯ್ತೀವಿ, ನಿಮ್ಮದು ವರ್ಷ ದಾಟ್ಯಾದ. ಹಳೇ ಆಧಾರ್ ಫೋಟೋ, ಮದುವಿ ಆಲ್ಬಂ ತಕ್ಕೊಂಡು ಬರ್ರಿ, ನಿಧಾನಕ್ಕ ಇಳಿದದ್ದೋ ಒಮ್ಮೆಲೆ ಇಳಿದದ್ದೋ ಅಂತ ಅದ್ರಾಗ ಗೊತ್ತಾಗ್ತದ. ಓದೋಕ, ರಸ್ತಾ ದಾಟೋಕ ತೊಂದ್ರಿ ಅದ ಅಂದ್ರ 72 ಏನು ದೊಡ್ಡ ವಯಸ್ಸಲ್ಲ, ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟು ಮಾಡ್ತಾರ, ನಡುವೆ ಕಣ್ಣು ತೆರಿ ಅಜ್ಜಾ, ಮುಚ್ಚು ಅಜ್ಜಾ ಅಂತ ಹೇಳಿ ಎತ್ತರ ಸರಿ ಮಾಡ್ತಾರ. ರಕ್ತ ತೆಳು ಮಾಡೋ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಗುಳಿಗಿ ತಿಂತಿದ್ರ ಮೊದ್ಲೇ ಹೇಳ್ರಿ. ಒಪ್ಪಲಿಲ್ಲ ಅಂದ್ರ ಚಾಳೀಸಿನ ಫ್ರೇಮಿಗೆ ರೆಪ್ಪಿ ಎತ್ತಿ ಹಿಡಿಯೋ ಸಣ್ಣ ತಂತಿ ಹಾಕಿಸಬಹುದು.

ಪ್ರಶ್ನೆ: ಒಂದು ರೆಪ್ಪೆ ಸ್ವಲ್ಪ ಇಳಿದಿದೆ, ಫೋಟೋದಲ್ಲಿ ಗೊತ್ತಾಗುತ್ತೆ. ರೀಲ್ಸ್‌ನಲ್ಲಿ ಕಣ್ಣಿನ ಎಕ್ಸರ್‌ಸೈಜ್, ಹರಳೆಣ್ಣೆ ಮಸಾಜ್, ಟೇಪ್ ಎಲ್ಲ ಹೇಳ್ತಾರೆ. ಡ್ರಾಪ್ಸ್ ಕೂಡ ಬಂದಿದೆಯಂತೆ?
ಮಾನ್ವಿಯ ಕಾಲೇಜು ವಿದ್ಯಾರ್ಥಿನಿ

ಉತ್ತರ: ಎಕ್ಸರ್‌ಸೈಜ್, ಎಣ್ಣಿಯಿಂದ ರೆಪ್ಪಿ ಏಳಂಗಿಲ್ಲಮ್ಮ, ಜೋರಾಗಿ ತಿಕ್ಕಿದ್ರ ಆ ಪಟ್ಟಿ ಇನ್ನೂ ಸಡಿಲ ಆಗ್ತದ. ಕಾಂಟ್ಯಾಕ್ಟ್ ಲೆನ್ಸ್ ವರ್ಷಗಟ್ಟಲೆ ಹಾಕೋವ್ರಿಗೆ, ದಿನಾ ರೆಪ್ಪಿ ಎಳೆದೆಳೆದು ಹಾಕಿ ತೆಗಿಯೋದ್ರಿಂದ, ಸಣ್ಣ ವಯಸ್ಸಿನ್ಯಾಗೂ ಹಿಂಗಾಗ್ತದ. ಟೇಪ್ ಒಂದು ಫಂಕ್ಷನ್ನಿಗೆ ಸರಿ, ದಿನಾ ಅಂಟಿಸಿದ್ರ ಚರ್ಮ ಕೆಂಪಾಗಿ ಕೆರೀತದ. ನೀನು ಕೇಳಿದ ಡ್ರಾಪ್ಸ್ 0.1 ಪರ್ಸೆಂಟಿನ ಆಕ್ಸಿಮೆಟಾಜೊಲಿನ್, ಅಮೆರಿಕಾದಾಗ 2020 ರಾಗ ಒಪ್ಪಿಗಿ ಸಿಕ್ಕದ, ಕೆಲವು ತಾಸು ಒಂದು ಮಿಲಿಮೀಟರ್ ಆಸುಪಾಸು ಎತ್ತತದ, ಅಷ್ಟೇ, ರೋಗ ವಾಸಿ ಮಾಡಂಗಿಲ್ಲ. ಮೂಗು ಕಟ್ಟಿದಾಗ ಹಾಕೋ ಡ್ರಾಪ್ಸಿನ್ಯಾಗೂ ಇದೇ ಹೆಸರಿನ ಔಷಧ ಇರ್ತದ ಅಂತ ಹೇಳಿ ಯಾರೋ ಅದನ್ನೇ ಕಣ್ಣಿಗೆ ಬಿಟ್ಕೊಳ್ರಿ ಅನ್ನಾಕತ್ತಾರ, ಅದು ಮೂಗಿಗೆ ಮಾಡಿದ್ದು, ಕಣ್ಣಿಗೆ ಹಾಕಬ್ಯಾಡ. ಮೊದ್ಲು ಒಮ್ಮೆ ರೆಪ್ಪಿ ಅಳತಿ ಮಾಡಿಸು, ಟಾರ್ಚ್ ಬಿಟ್ಟಾಗ ಪಾಪಿ ಮ್ಯಾಲ ಹೊಳಿಯೋ ಬೆಳಕಿನ ಚುಕ್ಕಿಯಿಂದ ರೆಪ್ಪಿ ಅಂಚಿನ ತನಕ 4 ರಿಂದ 5 ಮಿಲಿಮೀಟರ್ ಇದ್ರ ನಾರ್ಮಲ್, ಎರಡೂ ಕಣ್ಣಿನ ನಡುವೆ ಒಂದು ಮಿಲಿಮೀಟರ್ ಒಳಗಿನ ಫರಕು ಬಾಳ ಮಂದಿಗೆ ಇರ್ತದ, ಅದಕ್ಕ ಏನೂ ಮಾಡಸೋ ಅವಶ್ಯಕತಿ ಇಲ್ಲ.